ಯಾಕೆ ಅಂತ ಕೇಳಬಾರದು

ನಮ್ಮ ಮನೆಯಲ್ಲಿ ಅಡುಗೆಮನೆಗೆ 641 ಅಂತ ಇನ್ನೊಂದು ಹೆಸರಿತ್ತು. ಬೆಕ್ಕಿಗೆ 636.8. ಅಮ್ಮ ಸಿಟ್ಟಿನಲ್ಲಿದ್ದಾರೆ ಅನ್ನುವುದನ್ನು ಅಪ್ಪ ನನಗೆ ಮೆಲ್ಲಗೆ "551.5" ಅಂತ ಹೇಳಿ ತಿಳಿಸುತ್ತಿದ್ದರು. ಅಂದರೆ ಹವಾಮಾನ. ರಾತ್ರಿ ಮಲಗುವ ಹೊತ್ತಿಗೆ ಕತೆ ಬೇಕಾದರೆ ನಾನು "398.2" ಅಂತ ಕೂಗುತ್ತಿದ್ದೆ. ಅದು ಜನಪದ ಕತೆಗಳ ನಂಬರು. ಎಲ್ಲರ ಮನೆಯಲ್ಲೂ ಹೀಗೇ ಮಾತಾಡುತ್ತಾರೆ ಅಂತ ತುಂಬಾ ದಿನ ಅಂದುಕೊಂಡಿದ್ದೆ.

ಇವೆಲ್ಲ ಲೈಬ್ರರಿಯ ನಂಬರುಗಳು. ಪುಸ್ತಕದ ಬೆನ್ನಿನ ಮೇಲೆ, ಕೆಳಗಡೆ, ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರಲ್ಲ, ಅದರ ಮೇಲಿರುವವು. ಅಪ್ಪ ಲೈಬ್ರರಿಯಲ್ಲಿ ಕೆಲಸಕ್ಕಿದ್ದವರಲ್ಲ. ಓದುವುದು ಇಷ್ಟ, ಅಷ್ಟೇ. ಆದರೆ ವಾರಕ್ಕೊಂದು ಸಂಜೆ ನನ್ನ ಕೈ ಹಿಡಿದುಕೊಂಡು ಲೈಬ್ರರಿಗೆ ಹೋಗುವುದನ್ನು ಅವರು ತಪ್ಪಿಸಿದ್ದು ನನಗೆ ನೆನಪಿಲ್ಲ.

ನನ್ನ ಹೆಸರಿನಲ್ಲೇ ಸದಸ್ಯತ್ವ ಸಿಕ್ಕ ದಿನ, ಮೆಟ್ಟಿಲ ಹತ್ತಿರ ನಿಲ್ಲಿಸಿ ಅಪ್ಪ ಒಂದು ಮಾತು ಹೇಳಿದರು. "ನೋಡು ಮಗಳೇ, ಇಲ್ಲಿ ಯಾರು ಯಾವ ಪುಸ್ತಕ ತಗೊಂಡರೂ ಯಾಕೆ ಅಂತ ಕೇಳಬಾರದು. ನಾನು ನಿನ್ನನ್ನ ಕೇಳಲ್ಲ. ನೀನೂ ನನ್ನನ್ನ ಕೇಳಬೇಡ." ಗದ್ದಲ ಮಾಡಬೇಡ, ಪುಟ ಮಡಚಬೇಡ ಅಂತೆಲ್ಲ ಹೇಳುತ್ತಾರೆ ಅಂತ ಕಾದಿದ್ದೆ. ಅವು ಯಾವುವನ್ನೂ ಹೇಳಲಿಲ್ಲ. ಇದೊಂದೇ.

ಈ ಒಂದು ನಿಯಮದ ಜೊತೆ ನಾನು ನನ್ನ ಜೀವನದ ಹೆಚ್ಚಿನ ಭಾಗ ಕಳೆದಿದ್ದೇನೆ. ಅದರಿಂದ ತುಂಬಾ ಪಡೆದಿದ್ದೇನೆ. ಒಂದು ಸಲ ಅದರಿಂದಲೇ ಕಳೆದುಕೊಂಡೆ ಅಂತಲೂ ಅನ್ನಿಸುತ್ತದೆ.

ಮೊದಮೊದಲು ನಂಬರುಗಳು ನನಗೆ ಅರ್ಥವಾಗುತ್ತಿರಲಿಲ್ಲ. ಒಂದು ದಿನ 636.13 ಅಂತ ಬರೆದಿದ್ದ ಕುದುರೆ ಪುಸ್ತಕ, 636.7ರ ನಾಯಿ ಪುಸ್ತಕಕ್ಕಿಂತ ಮೊದಲೇ ಇತ್ತು. 13 ದೊಡ್ಡದಲ್ವಾ? ಯಾರೋ ತಪ್ಪಾಗಿ ಇಟ್ಟಿದ್ದಾರೆ ಅಂತ ಅದನ್ನು ಎಳೆದು ನಾಯಿಯ ಆಚೆ ಸೇರಿಸಿದೆ. ಅಪ್ಪ ನೋಡುತ್ತಿದ್ದರು. ಬಂದು ಪಕ್ಕದಲ್ಲಿ ಕೂತರು. ಚೀಟಿಯ ಮೇಲೆ ಬೆರಳಿಟ್ಟು, "ಚುಕ್ಕಿ ದಾಟಿದ ಮೇಲೆ ಒಂದೊಂದೇ ಅಂಕೆ ನೋಡು. ಇಲ್ಲಿ 1. ಅಲ್ಲಿ 7. ಯಾವುದು ಮೊದಲು?" ಅಂದರು. ಶಾಲೆಯಲ್ಲಿ ದಶಮಾಂಶ ಬರುವ ಹೊತ್ತಿಗೆ ನನಗೆ ಅದು ಕುದುರೆ ಮತ್ತು ನಾಯಿಯ ವಿಷಯವಾಗಿ ಗೊತ್ತಿತ್ತು. ಆಮೇಲೆ ಆ ಕುದುರೆ ಪುಸ್ತಕವನ್ನು ನನ್ನ ಕೈಯಿಂದಲೇ ಅದರ ಜಾಗಕ್ಕೆ ವಾಪಸ್ ಇಡಿಸಿದರು. ತಪ್ಪು ಸಾಲಿಗೆ ಹೋದ ಪುಸ್ತಕ ಕಟ್ಟಡದ ಒಳಗೇ ಇದ್ದರೂ ಕಳೆದುಹೋದ ಹಾಗೆಯೇ, ಹುಡುಕುವವರಿಗೆ ಅದು ಸಿಗುವುದೇ ಇಲ್ಲ ಅಂತ ಅವತ್ತು ಹೇಳಿದ್ದು. ಇವತ್ತಿಗೂ ಯಾವ ಲೈಬ್ರರಿಗೆ ಹೋದರೂ ತಪ್ಪು ಜಾಗದಲ್ಲಿರುವ ಪುಸ್ತಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಈ ನಂಬರುಗಳನ್ನು ಹೊಂದಿಸಿದ್ದು ಮೆಲ್ವಿಲ್ ಡ್ಯೂಯಿ ಅನ್ನುವ ಅಮೆರಿಕದವರು. 1876ರಲ್ಲಿ ಅದನ್ನು ಮೊದಲು ಅಚ್ಚು ಹಾಕಿಸಿದಾಗ ಅದು ಬರೀ 44 ಪುಟದ ಪುಸ್ತಿಕೆ. ಅವರಿಗೆ ಆಗ 24 ವರ್ಷ. ಅದಕ್ಕೆ ಮುಂಚೆ ಎಷ್ಟೋ ಲೈಬ್ರರಿಗಳಲ್ಲಿ ನಂಬರು ಕೊಡುತ್ತಿದ್ದದ್ದು ಜಾಗಕ್ಕೆ. ಇಂಥ ಕಪಾಟು, ಇಂಥ ಹಲಗೆ, ಎಷ್ಟನೇ ಪುಸ್ತಕ ಅಂತ. ಹೊಸ ಪುಸ್ತಕ ಬಂದರೆ ಅದರ ಜೊತೆಯವುಗಳ ಮಧ್ಯೆ ಸೇರಿಸಲು ಆಗುತ್ತಿರಲಿಲ್ಲ. ಡ್ಯೂಯಿ ನಂಬರು ಕೊಟ್ಟಿದ್ದು ವಿಷಯಕ್ಕೆ. ಹೀಗಾಗಿ ಎರಡು ಪುಸ್ತಕಗಳ ನಡುವೆ ಯಾವಾಗಲೂ ಇನ್ನೊಂದಕ್ಕೆ ಜಾಗ ಇರುತ್ತದೆ, ದಶಮಾಂಶದಲ್ಲಿ ಇನ್ನೊಂದು ಅಂಕೆ ಸೇರಿಸಿದರೆ ಆಯಿತು. ಇದರಲ್ಲಿ ಕೊರತೆಗಳೂ ಇವೆ. ಧರ್ಮಕ್ಕೆ ಮೀಸಲಾದ 200ರ ಸಾಲಿನಲ್ಲಿ ಬಹುಪಾಲು ಜಾಗ ಕ್ರೈಸ್ತ ಧರ್ಮಕ್ಕೆ ಹೋಗಿ, ಲೋಕದ ಉಳಿದೆಲ್ಲ ಧರ್ಮಗಳೂ 290ರಲ್ಲಿ ಒತ್ತಿಕೊಂಡು ಕೂತವು. ಅದು ಸರಿಯಲ್ಲ ಅಂತ ಅಪ್ಪ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಅಪ್ಪನಿಗೆ ಡ್ಯೂಯಿಗಿಂತ ಜಾಸ್ತಿ ಇಷ್ಟವಾಗಿದ್ದವರು ರಂಗನಾಥನ್. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. 1931ರಲ್ಲಿ ಐದು ಸೂತ್ರ ಕೊಟ್ಟರು. ಪುಸ್ತಕಗಳು ಇರುವುದು ಬಳಕೆಗೆ. ಪ್ರತಿ ಓದುಗರಿಗೂ ಅವರ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗರ ಸಮಯ ಉಳಿಸಿ. ಲೈಬ್ರರಿ ಬೆಳೆಯುತ್ತಲೇ ಇರುವ ಜೀವಿ. ಇಷ್ಟೇ. ಅಪ್ಪ ಇದನ್ನು ಬೆರಳು ಮಡಚಿ ಎಣಿಸಿ ಹೇಳಿ, ಕೊನೆಗೆ "ಈ ಐದರಲ್ಲಿ ಎಲ್ಲಾದರೂ ಓದುಗ ಕಾರಣ ಹೇಳಬೇಕು ಅಂತ ಇದೆಯಾ?" ಅಂತ ಕೇಳುತ್ತಿದ್ದರು. ಇಲ್ಲ.

ಆಗ ಪುಸ್ತಕ ಕೊಡುತ್ತಿದ್ದ ರೀತಿ ನೋಡಿದರೆ ಅಪ್ಪನ ನಿಯಮ ಅಲ್ಲಿಂದಲೇ ಬಂತೇನೋ ಅನ್ನಿಸುತ್ತದೆ. ಪ್ರತಿ ಸದಸ್ಯರಿಗೂ ರಟ್ಟಿನ ಪುಟ್ಟ ಲಕೋಟೆಯಂಥ ಟಿಕೆಟ್‌ಗಳು. ಎಷ್ಟು ಟಿಕೆಟ್ಟೋ ಅಷ್ಟು ಪುಸ್ತಕ. ಪುಸ್ತಕದ ಒಳಗೆ ಒಂದು ಕಾರ್ಡು, ಅದರ ಮೇಲೆ ಆ ಪುಸ್ತಕದ ಹೆಸರು, ನಂಬರು. ತಗೊಂಡಾಗ ಆ ಕಾರ್ಡನ್ನು ತೆಗೆದು ನಿಮ್ಮ ಟಿಕೆಟ್ಟಿನೊಳಗೆ ತೂರಿಸಿ, ವಾಪಸ್ ಕೊಡಬೇಕಾದ ದಿನದ ಹಿಂದೆ ಒಂದು ಉದ್ದನೆಯ ಟ್ರೇಯಲ್ಲಿ ನಿಲ್ಲಿಸುತ್ತಿದ್ದರು. ಆ ದಿನವನ್ನು ಪುಸ್ತಕದಲ್ಲಿ ಅಂಟಿಸಿದ್ದ ಚೀಟಿಯ ಮೇಲೆ ಠಪ್ ಅಂತ ಠಸ್ಸೆ ಒತ್ತುತ್ತಿದ್ದರು. ನೇರಳೆ ಶಾಯಿ. ಕೆಲವು ಸಲ ಸೊಟ್ಟಗೆ, ಕೆಲವು ಸಲ ಒಂದರ ಮೇಲೊಂದು. ವಾಪಸ್ ಕೊಟ್ಟಾಗ ಕಾರ್ಡು ಪುಸ್ತಕದೊಳಗೆ ಹೋಗುತ್ತಿತ್ತು, ಟಿಕೆಟ್ ನಿಮ್ಮ ಕೈಗೆ ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ನೀವು ಆ ಪುಸ್ತಕ ಓದಿದ್ದಿರಿ ಅನ್ನುವುದಕ್ಕೆ ಎಲ್ಲೂ ಗುರುತಿಲ್ಲ. ಚೀಟಿಯ ಮೇಲೆ ತಾರೀಖು ಮಾತ್ರ ಉಳಿಯುತ್ತದೆ, ಹೆಸರಿಲ್ಲ. ನೀನಾ ಬ್ರೌನ್ ಅನ್ನುವ ಲೈಬ್ರರಿಯನ್ 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದಿದ್ದು ಇದು. ಅಮೆರಿಕದ ಲೈಬ್ರರಿ ಸಂಘವಂತೂ 1939ರಲ್ಲಿ ತನ್ನ ನೀತಿಸಂಹಿತೆಯಲ್ಲೇ, ಓದುಗರ ಖಾಸಗಿ ವಿಷಯವನ್ನು ಗುಟ್ಟಾಗಿ ಇಡುವುದು ಲೈಬ್ರರಿಯನ್ನರ ಹೊಣೆ ಅಂತ ಬರೆಯಿತು. ನನಗೆ ಈಗಲೂ ಇದು ದೊಡ್ಡ ಸೌಜನ್ಯ ಅನ್ನಿಸುತ್ತದೆ. ಒಬ್ಬರಿಗೆ ಏನು ಬೇಕೋ ಅದನ್ನು ಕೊಡುವುದು, ಆಮೇಲೆ ಅದನ್ನು ಮರೆತುಬಿಡುವುದು.

ಯಾವ ಪುಸ್ತಕ ಎಲ್ಲಿದೆ ಅಂತ ಹುಡುಕಲು ಇದ್ದ ಕಾರ್ಡುಗಳ ಡ್ರಾಯರುಗಳ ಬಗ್ಗೆ ಹೇಳದಿದ್ದರೆ ಅಪ್ಪನಿಗೆ ಬೇಸರವಾದೀತು. ಉದ್ದನೆಯ ಮರದ ಡ್ರಾಯರು, ಒಳಗೆ ನೂರಾರು ಕಾರ್ಡುಗಳು, ಒಂದೊಂದೂ ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಅಗಲ. ಕೆಳಗಡೆ ಒಂದು ತೂತು, ಎಲ್ಲ ಕಾರ್ಡುಗಳ ತೂತಿನೊಳಗಿಂದ ಒಂದೇ ಸರಳು. ಡ್ರಾಯರು ಕೈಜಾರಿ ಬಿದ್ದರೂ ಕಾರ್ಡುಗಳ ಕ್ರಮ ತಪ್ಪಬಾರದು ಅಂತ. ಮೇಲಿನ ಅಂಚು ಎಷ್ಟೋ ಜನರ ಬೆರಳು ತಾಗಿ ಬಟ್ಟೆಯ ಹಾಗೆ ಮೆತ್ತಗಾಗಿರುತ್ತಿತ್ತು. ಮಧ್ಯೆ ಮಧ್ಯೆ ಯಾವ ಪುಸ್ತಕಕ್ಕೂ ಸೇರದ ಕಾರ್ಡುಗಳು ಸಿಗುತ್ತಿದ್ದವು. ಅವುಗಳ ಮೇಲೆ ಒಂದು ವಿಷಯದ ಹೆಸರು, ಕೆಳಗೆ "ಇದನ್ನೂ ನೋಡಿ" ಅಂತ ಬರೆದು ಇನ್ನೊಂದು ವಿಷಯ. ಹಕ್ಕಿಗಳು, ಇದನ್ನೂ ನೋಡಿ, ವಲಸೆ. ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದ ಕಾರ್ಡುಗಳು ಇವು. "ಯಾರೋ ಕೂತು ಯೋಚಿಸಿದ್ದಾರೆ ನೋಡು, ಇದನ್ನ ಹುಡುಕಿಕೊಂಡು ಬಂದವರಿಗೆ ನಿಜವಾಗಿ ಬೇಕಾಗಿರೋದು ಅದು ಇರಬಹುದು ಅಂತ." ಆ ಡ್ರಾಯರುಗಳು ಈಗ ಹೆಚ್ಚು ಕಡೆ ಇಲ್ಲ. ಲೋಕದ ಲೈಬ್ರರಿಗಳಿಗೆ ಕಾರ್ಡು ಅಚ್ಚು ಹಾಕಿಕೊಡುತ್ತಿದ್ದ ಓಸಿಎಲ್‌ಸಿ ಸಂಸ್ಥೆ 2015ರ ಅಕ್ಟೋಬರ್ 1ರಂದು ಕೊನೆಯ ಕಂತು ಅಚ್ಚು ಹಾಕಿ ನಿಲ್ಲಿಸಿತು. ಆ ಸುದ್ದಿ ಓದಿದಾಗ ಅಪ್ಪ ಇರಲಿಲ್ಲ.

ನಾನು ದೊಡ್ಡವಳಾದೆ, ಮದುವೆಯಾಯಿತು, ಆದರೂ ವಾರಕ್ಕೊಂದು ಸಲ ಅಪ್ಪನ ಜೊತೆ ಲೈಬ್ರರಿಗೆ ಹೋಗುವುದು ನಿಲ್ಲಲಿಲ್ಲ. ಒಂದು ಸಂಜೆ ನಾನು 649ರ ಸಾಲಿನಿಂದ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟೆ. ಮಕ್ಕಳನ್ನು ಬೆಳೆಸುವುದರ ಬಗ್ಗೆ. ಅಪ್ಪನ ಕಣ್ಣು ಬೆನ್ನಿನ ಚೀಟಿಯ ಮೇಲೆ ಒಂದು ಕ್ಷಣ ನಿಂತಿತು. ಏನೂ ಕೇಳಲಿಲ್ಲ. ಅವತ್ತು ಮನೆಗೆ ಬರುವಾಗ ನನ್ನ ಚೀಲವನ್ನೂ ಅವರೇ ಹೊತ್ತುಕೊಂಡರು.

ಮಕ್ಕಳು ಹುಟ್ಟಿದ ಮೇಲೆ ಗೊತ್ತಾಯಿತು, ತಾಯಿಯಾದವಳು ದಿನಕ್ಕೆ ಎಷ್ಟು ಸಲ "ಬೇಡ" ಅನ್ನಬೇಕಾಗುತ್ತದೆ ಅಂತ. ಅದು ಬೇಡ, ದುಡ್ಡು ಜಾಸ್ತಿ. ಇದು ಬೇಡ, ಮೊನ್ನೆ ತಾನೇ ಕೊಡಿಸಿದ್ದು. ಲೈಬ್ರರಿಯ ಬಾಗಿಲು ದಾಟಿದರೆ ಆ ಮಾತೇ ಬೇಕಾಗುತ್ತಿರಲಿಲ್ಲ. ತಗೊಂಡಿದ್ದು ಚೆನ್ನಾಗಿಲ್ಲದಿದ್ದರೆ ವಾಪಸ್ ಕೊಟ್ಟರಾಯಿತು, ಏನೂ ನಷ್ಟವಿಲ್ಲ. ಮಗ ಒಂದೇ ಡೈನೋಸಾರ್ ಪುಸ್ತಕವನ್ನು, 567.9, ಸತತ ಹನ್ನೊಂದು ಸಲ ತಂದ. ಹನ್ನೆರಡನೇ ಸಲ ಅವನೇ ಅದನ್ನು ಕಪಾಟಿನಲ್ಲಿಟ್ಟು, ಪಕ್ಕದ ಸಾಲಿಗೆ ಹೋಗಿ ಬೇರೆ ಪುಸ್ತಕ ತೆಗೆದ. ನಾನಾಗಲಿ ಅಪ್ಪನಾಗಲಿ ಒಂದು ಮಾತೂ ಹೇಳಿರಲಿಲ್ಲ. ಮಗು ತನ್ನ ಹಸಿವು ತೀರಿತು ಅಂತ ತಾನೇ ತಿಳಿದುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತು.

ಈಗ ಕಷ್ಟದ ಭಾಗ.

ಅಪ್ಪನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜಿತ್ತು. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಅವರು ಯಾವಾಗಲೂ ಬೆನ್ನು ಗೋಡೆಯ ಕಡೆ ತಿರುಗಿಸಿ ಜೋಡಿಸುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಪುಟಗಳ ಅಂಚು ಮಾತ್ರ. ಅದೂ ಆ ನಿಯಮದ ಭಾಗವೇ. ಮಗಳಿಗೆ ಐದು ವರ್ಷವಾಗಿದ್ದಾಗ, ಒಂದು ದಿನ ಅಪ್ಪನನ್ನು ಊಟಕ್ಕೆ ಕರೆಯಲು ಆ ಕೋಣೆಗೆ ಹೋದೆ. ಮೇಜಿನ ಮೇಲೆ ಮೂರು ಪುಸ್ತಕ ಇದ್ದವು. ಎರಡರ ಬೆನ್ನು ಗೋಡೆಯ ಕಡೆ. ಮೂರನೆಯದರ ಬೆನ್ನು ಈ ಕಡೆಗೆ. 616.12.

ನಂಬರು ಓದಲು ಅಪ್ಪನೇ ಕಲಿಸಿದ್ದು. 610 ವೈದ್ಯಕೀಯ. 616 ರೋಗಗಳು. ಚುಕ್ಕಿ ದಾಟಿ ಒಂದು, ರಕ್ತ ಹರಿಯುವ ವ್ಯವಸ್ಥೆ. ಇನ್ನೊಂದು ಅಂಕೆ, ಹೃದಯ.

ನಾನು ನೋಡಿದೆ. ನಿಂತೆ. ಕೇಳಲಿಲ್ಲ. ಅಪ್ಪ ಬಂದರು, ನನ್ನ ಪಕ್ಕದಿಂದ ದಾಟಿ ಕೈ ತೊಳೆಯಲು ಹೋದರು. ಮುಂದಿನ ವಾರ ಆ ಪುಸ್ತಕ ಇರಲಿಲ್ಲ, ಎಲ್ಲ ಬೆನ್ನುಗಳೂ ಗೋಡೆಯ ಕಡೆಗಿದ್ದವು. ನಾಲ್ಕು ತಿಂಗಳಾದ ಮೇಲೆ ಅಪ್ಪ ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟರು.

ಅದು ಕೈತಪ್ಪಿ ಹಾಗೆ ತಿರುಗಿತ್ತೋ, ಬೇಕು ಅಂತಲೇ ಹಾಗಿಟ್ಟಿದ್ದರೋ? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರಿಗೆ ನಿಯಮ ಮುರಿಯಲು ಮನಸ್ಸಾಗದೆ, ನಾನು ಮುರಿಯಲಿ ಅಂತ ಕಾದಿದ್ದರೋ ಏನೋ. ಕೆಲವು ದಿನ ಕಳೆದು ಲೈಬ್ರರಿಗೆ ಹೋಗಿ ಆ ಪುಸ್ತಕ ಹುಡುಕಿ ತೆಗೆದೆ. ಚೀಟಿ ನೋಡಿದೆ. ಸುಮಾರು ಆ ದಿನಗಳವೇ ಮೂರು ತಾರೀಖು, ಒಂದರ ಕೆಳಗೊಂದು, ನಡುವೆ ಎರಡೆರಡು ವಾರ. ಮೂರೂ ಸಲ ಅಪ್ಪನೇ ತಗೊಂಡಿದ್ದೋ, ಅಥವಾ ಅದೇ ಭಯ ಇಟ್ಟುಕೊಂಡ ಬೇರೆ ಇಬ್ಬರಿದ್ದರೋ, ಹೇಳುವ ದಾರಿಯೇ ಇಲ್ಲ. ನಾನು ಅಷ್ಟು ಮೆಚ್ಚಿದ್ದ ಸೌಜನ್ಯ ನನ್ನನ್ನೂ ಹೊರಗೇ ನಿಲ್ಲಿಸಿತ್ತು. ಮೂರನೇ ಠಸ್ಸೆಯ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದೆ. ಯಾರೂ ಬಂದು ಏನೂ ಕೇಳಲಿಲ್ಲ.

ಅವತ್ತು ನಾನು 155.937ರ ಸಾಲಿನಿಂದ ಒಂದು ಪುಸ್ತಕ ತಂದೆ. ಸಾವಿನ ಬಗ್ಗೆ, ಹೋದವರನ್ನು ನೆನೆಯುತ್ತ ಉಳಿದವರ ಬಗ್ಗೆ. ಅಮ್ಮ ಅದನ್ನು ನೋಡಿದರು. ಅಮ್ಮ ಈ ನಂಬರುಗಳ ಗೊಡವೆಗೇ ಹೋದವರಲ್ಲ, ಲೈಬ್ರರಿಗೆ ಬಂದಿದ್ದೂ ಕಡಿಮೆ. ಯಾಕೆ ಅಂತ ಅವರೂ ಕೇಳಲಿಲ್ಲ. ಮಾರನೇ ದಿನ ಪುಸ್ತಕ ನಾನಿಟ್ಟ ಜಾಗದಲ್ಲಿರಲಿಲ್ಲ, ಹುಡುಕಿದರೆ ಅಮ್ಮನ ದಿಂಬಿನ ಪಕ್ಕದಲ್ಲಿತ್ತು. ಕನ್ನಡಕ ಅದರ ಮೇಲೆ. ಆಮೇಲೆ ಆ ಎರಡು ವಾರ ಅದನ್ನು ಹಗಲು ಅಮ್ಮ, ರಾತ್ರಿ ನಾನು ಓದಿದೆವು. ಒಬ್ಬರಿಗೊಬ್ಬರು ಏನೂ ಹೇಳದೆ ಶುರುವಾಗಿದ್ದು, ಕೊನೆಕೊನೆಗೆ ಅಮ್ಮ ಅಡುಗೆಮನೆಯಿಂದಲೇ "ಆ ಏಳನೇ ಅಧ್ಯಾಯ ಓದಿದೆಯಾ?" ಅಂತ ಕೂಗುವವರೆಗೆ ಬಂತು. ಕೇಳದೆ ಕೇಳುವುದಕ್ಕೆ ಒಂದು ದಾರಿ ಇದೆ ಅಂತ ನನಗೆ ತೋರಿಸಿದ್ದು ಅಮ್ಮ. ಅಪ್ಪನಲ್ಲ.

ಅದು ಉಪಯೋಗಕ್ಕೆ ಬರಲು ಹನ್ನೊಂದು ವರ್ಷ ಬೇಕಾಯಿತು.

ಮಗಳಿಗೆ ಹದಿನಾರು. ಮಾತು ಕಡಿಮೆಯಾಗಿತ್ತು. ಊಟ ಕಡಿಮೆಯಾಗಿತ್ತು. ಆ ವಯಸ್ಸು ಹಾಗೇ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿಕೊಂಡಿದ್ದೆ. ಒಂದು ರಾತ್ರಿ ಅವಳ ಮೇಜಿನ ಮೇಲೆ ಒಂದು ಪುಸ್ತಕ ಕಂಡೆ. ಚೀಟಿಯ ಮೇಲೆ ಉದ್ದನೆಯ ನಂಬರು. 616.8527. ಖಿನ್ನತೆ.

ಬೆನ್ನು ಈ ಕಡೆಗಿತ್ತು.

ನನ್ನ ಕೈ ತಣ್ಣಗಾಯಿತು. ಅವಳನ್ನು ಹಿಡಿದು ಅಲ್ಲಾಡಿಸಿ ಏನಾಗಿದೆ, ಯಾಕೆ ಈ ಪುಸ್ತಕ, ಯಾವಾಗಿಂದ ಅಂತ ಕೇಳಬೇಕು ಅನ್ನಿಸಿತು. ಹಾಗೆ ಕೇಳಿದ್ದರೆ ಅವಳು "ಏನಿಲ್ಲ, ಸ್ಕೂಲಿಗೆ" ಅಂದುಬಿಡುತ್ತಿದ್ದಳು, ಅದು ನನಗೆ ಗೊತ್ತು. ಸುಮ್ಮನೆ ವಾಪಸ್ ಬರಲೂ ಆಗಲಿಲ್ಲ. ಒಂದು ಸಲ ಹಾಗೆ ಬಂದಿದ್ದೆನಲ್ಲ. ಮಂಚದ ಅಂಚಿನಲ್ಲಿ ಕೂತು, "ಈ ಪುಸ್ತಕ ನಾನೂ ಓದಬಹುದಾ?" ಅಂದೆ.

ಅವಳು ತುಂಬಾ ಹೊತ್ತು ಕಿಟಕಿ ನೋಡುತ್ತಿದ್ದಳು. ಆಮೇಲೆ, "ನಾಳೆ ಕೊಡ್ತೀನಿ," ಅಂದಳು.

ಮಾರನೇ ದಿನ ಸಂಜೆ ಪುಸ್ತಕ ನನ್ನ ದಿಂಬಿನ ಮೇಲಿತ್ತು. ಲೈಬ್ರರಿ ಪುಸ್ತಕದಲ್ಲಿ ಗೆರೆ ಎಳೆಯಬಾರದು ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಹಾಗಾಗಿ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ, ಬೆರಳಗಲದ ಪಟ್ಟಿಗಳನ್ನು ಮಾಡಿ, ಪುಟಗಳ ನಡುವೆ ಇಟ್ಟಿದ್ದಳು. ಒಂಬತ್ತು ಪಟ್ಟಿ. ಹೆಚ್ಚಿನವುಗಳ ಮೇಲೆ ಏನೂ ಬರೆದಿರಲಿಲ್ಲ, ಪುಟ ತೋರಿಸಿದರೆ ಸಾಕು ಅನ್ನುವ ಹಾಗೆ. ಎರಡರ ಮೇಲೆ "ಹೌದು" ಅಂತ. ಕೊನೆಯದರ ಮೇಲೆ ಪುಟ್ಟ ಅಕ್ಷರದಲ್ಲಿ, "ಇದನ್ನೂ ನೋಡು ಅಮ್ಮ."

ಆ ಪುಟದಲ್ಲಿ ಏನಿತ್ತು ಅನ್ನುವುದು ಅವಳದ್ದು, ಇಲ್ಲಿ ಬರೆಯುವುದಿಲ್ಲ. ಮಾರನೇ ವಾರ ನಾವಿಬ್ಬರೂ ಡಾಕ್ಟರ ಹತ್ತಿರ ಹೋದೆವು. ಗುಣವಾಗಲು ತಿಂಗಳುಗಳೇ ಹಿಡಿದವು. ಪುಸ್ತಕದಿಂದ ಗುಣವಾಯಿತು ಅಂತ ಯಾರೂ ಅಂದುಕೊಳ್ಳಬೇಡಿ, ಅದಕ್ಕೆ ಡಾಕ್ಟರು ಬೇಕಾಯಿತು, ಔಷಧ ಬೇಕಾಯಿತು, ಮನೆಯವರೆಲ್ಲ ಬೇಕಾಯಿತು. ಪುಸ್ತಕ ಮಾಡಿದ್ದು ಬಾಗಿಲು ತೆರೆಯುವಷ್ಟು ಕೆಲಸ. ಅದನ್ನು ವಾಪಸ್ ಕೊಡುವ ದಿನ ಪಟ್ಟಿಗಳನ್ನೆಲ್ಲ ತೆಗೆದೆ. ಅವು ಇನ್ನೂ ನನ್ನ ಹತ್ತಿರ ಇವೆ, ಅಪ್ಪನ ಹಳೆಯ ರಟ್ಟಿನ ಟಿಕೆಟ್ಟಿನ ಒಳಗೆ.

ಈಗ ಮಗಳು ಬೇರೆ ಊರಲ್ಲಿದ್ದಾಳೆ, ಕೆಲಸ, ಸಂಸಾರ. ಅವಳ ಊರಿನ ಲೈಬ್ರರಿಯಲ್ಲಿ ಟಿಕೆಟ್ಟಿಲ್ಲ, ಠಸ್ಸೆಯಿಲ್ಲ, ಒಂದು ಯಂತ್ರದ ಮೇಲೆ ಪುಸ್ತಕ ಇಟ್ಟರೆ ಕೆಲಸ ಆಗಿಹೋಗುತ್ತದೆ. ನಂಬರುಗಳು ಮಾತ್ರ ಅವೇ. ಹೋದ ತಿಂಗಳು ಒಂದು ಮಧ್ಯಾಹ್ನ ಫೋನ್ ಬಂತು. ಪಿಸುದನಿ.

"ಅಮ್ಮ, ಲೈಬ್ರರಿಯಲ್ಲಿದ್ದೀನಿ. 649 ಸಿಗ್ತಾ ಇಲ್ಲ."

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ ಹೇಳಿದೆ. "641 ಇದೆಯಲ್ಲ, ಅಡುಗೆ. ಅದನ್ನ ದಾಟು. ಉದ್ದ ಇರುತ್ತೆ ಆ ಸಾಲು. ಆಮೇಲೆ ಹೊಲಿಗೆ ಬರುತ್ತೆ, 646. ಅದು ಮುಗಿದ ಕೂಡಲೇ ನೋಡು."

ಹೆಜ್ಜೆಯ ಸದ್ದು. "ಹಾಂ. ಸಿಕ್ತು."

ಯಾಕೆ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ, ಫೋನೂ ಇಡಲಿಲ್ಲ. ಅವಳು ಪುಟ ತಿರುಗಿಸುವ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.